ಏರಿಯೊಳಗಿನ ಮಂದ್ರ

ಆ ವರ್ಷ ಶ್ರಾವಣ ಮುಗಿಯುವ ಹೊತ್ತಿಗೆ ನನ್ನ ಎಡಗಿವಿಯೊಳಗೆ ಒಂದು ಸದ್ದು ಸೇರಿಕೊಂಡು ಎಂಟು ತಿಂಗಳಾಗಿತ್ತು. ಎಲ್ಲೋ ದೂರದಲ್ಲಿ ಹಿಟ್ಟಿನ ಗಿರಣಿ ಓಡುತ್ತಿರುವಂಥ, ತಗ್ಗಿದ ಗುಂಯ್ ಸದ್ದು. ಕೆಲವು ದಿನ ಇರುತ್ತಿತ್ತು, ಕೆಲವು ದಿನ ಇರುತ್ತಿರಲಿಲ್ಲ. ಬಂದ ದಿನ ಕಿವಿಯಲ್ಲಿ ಹತ್ತಿ ತುರುಕಿದಂತೆ ಬಿಗಿಯುತ್ತಿತ್ತು. ಹೈದರಾಬಾದಿನ ಕಿವಿ ಡಾಕ್ಟರು ಪರೀಕ್ಷೆ ಮಾಡಿ, ಕಾಗದದ ಮೇಲೆ ಕೆಳಗಿಳಿದಿದ್ದ ಗೆರೆಯೊಂದನ್ನು ತೋರಿಸಿದರು. “ತಗ್ಗಿನ ಸ್ವರಗಳು ಈ ಕಿವಿಗೆ ಕಡಿಮೆ ಕೇಳ್ತಿವೆ. ಒಳಕಿವಿಯ ನೀರಿನ ಒತ್ತಡ ಇರಬಹುದು. ಉಪ್ಪು ಕಡಿಮೆ ಮಾಡಿ. ಕಾದು ನೋಡೋಣ,” ಎಂದರು.

“ಪೂರ್ತಿ ಹೋಗಿಬಿಡುತ್ತಾ?” ಎಂದು ಕೇಳಿದೆ.

“ಕೆಲವರಿಗೆ ಹೋಗುತ್ತೆ. ಕೆಲವರಿಗೆ ಅಲ್ಲಿಗೇ ನಿಲ್ಲುತ್ತೆ.”

ನಾನು ಶಾಲೆಯಲ್ಲಿ ಸಂಗೀತ ಕಲಿಸುವವಳು. ಅದರ ಜೊತೆಗೆ ಹದಿನೆಂಟು ಜನರ ತಂತಿವಾದ್ಯಗಳ ವೃಂದವೊಂದರಲ್ಲಿ ವಿಯೋಲಾ ನುಡಿಸುತ್ತೇನೆ. ವಿಯೋಲಾ ವಯಲಿನ್ನಿಗಿಂತ ಸ್ವಲ್ಪ ದೊಡ್ಡದು, ದನಿ ಸ್ವಲ್ಪ ತಗ್ಗು. ಎರಡೂ ಕೆಲಸಕ್ಕೆ ಬೇಕಾದದ್ದು ಕಿವಿ. ಹಾಗಾಗಿ ಡಾಕ್ಟರು ಕೊಟ್ಟ ಕಾಗದವನ್ನು ಮಡಚಿ ವಿಯೋಲಾ ಪೆಟ್ಟಿಗೆಯ ಅಸ್ತರಿನೊಳಗೆ ಸೇರಿಸಿ, ಯಾರಿಗೂ ಹೇಳದೆ ಸುಮ್ಮನಾದೆ. ಅಭ್ಯಾಸದ ಹೊತ್ತಿನಲ್ಲಿ ಪಕ್ಕದವರ ಕಮಾನು ಯಾವಾಗ ಏಳುತ್ತದೆ, ಯಾವಾಗ ಇಳಿಯುತ್ತದೆ ಎಂದು ಕಳ್ಳಗಣ್ಣಿನಿಂದ ನೋಡುತ್ತ ನುಡಿಸುವುದನ್ನು ಕಲಿತೆ.

ಇಂಥ ಹೊತ್ತಿನಲ್ಲೇ ನಮ್ಮ ವೃಂದ ನಡೆಸುವ ಹಿರಿಯ ಮಹಿಳೆ ನನ್ನನ್ನು ಕರೆದು, “ಮುಂದಿನ ಕಾರ್ಯಕ್ರಮಕ್ಕೆ ನೀನೇ ಒಂದು ಹೊಸ ಕೃತಿ ಬರೆದುಕೊಡು. ಹನ್ನೆರಡು ನಿಮಿಷ ಸಾಕು. ನಿಮ್ಮ ಕಡೆ ಕೆರೆಗಳ ಬಗ್ಗೆ ಯಾವಾಗಲೂ ಹೇಳ್ತಿರ್ತೀಯಲ್ಲ, ಒಂದು ಕೆರೆಯನ್ನೇ ಬರಿ,” ಎಂದರು. ಒಲ್ಲೆ ಎಂದರೆ ಯಾಕೆಂದು ಕೇಳುತ್ತಾರೆ. ಅದಕ್ಕಿಂತ, ವೃಂದದ ದೊಡ್ಡ ತಂತಿವಾದ್ಯಗಳಾದ ಚೆಲ್ಲೊ ಮತ್ತು ಡಬಲ್ ಬಾಸ್‌ಗಳ ಆಳದ ದನಿ ಇನ್ನೆಷ್ಟು ದಿನ ನನಗೆ ಕೇಳುತ್ತದೋ ಎಂಬ ಹೆದರಿಕೆ ಒಳಗೇ ಕೊರೆಯುತ್ತಿತ್ತು. ಆಗಲಿ ಎಂದೆ. ಶಾಲೆಗೆ ಹತ್ತು ದಿನ ರಜೆ ಹಾಕಿ, ಕರ್ನಾಟಕದ ಗಡಿಗೆ ಹತ್ತಿರದ ಮಕ್ತಲ್‌ನ ಬಸ್ಸು ಹತ್ತಿದೆ.

ಮಕ್ತಲ್‌ನಿಂದ ಶೇರ್ ಆಟೋದಲ್ಲಿ ಅರ್ಧ ಗಂಟೆ ಹೋದರೆ ನನ್ನ ಸೋದರತ್ತೆಯ ಊರು. ಅತ್ತೆಗೆ ಅರವತ್ತೆಂಟು. ಎರಡು ಎಮ್ಮೆ, ಮೂರು ಎಕರೆ ತೊಗರಿ ಹೊಲ, ಬಾಯಿ ತುಂಬ ಮಾತು. ಮಗ ಆಟೋ ಓಡಿಸುತ್ತಾನೆ; ಬೆಳಿಗ್ಗೆ ಉಟ್ಕೂರ್ ಕಡೆ ಹೋದರೆ ಸಂಜೆಗೇ ಬರುವುದು. ಮನೆ ಇರುವುದು ಕೆರೆಯ ಏರಿಯ ಕೆಳಗಿನ ಓಣಿಯಲ್ಲಿ. ಅಲ್ಲಿ ನಲವತ್ತರ ಹತ್ತಿರ ಮನೆಗಳು. ಬಾಗಿಲಲ್ಲಿ ನಿಂತು ತಲೆ ಎತ್ತಿದರೆ ಹುಲ್ಲು ಬೆಳೆದ ಏರಿಯ ಬೆನ್ನು ಕಾಣುತ್ತದೆ. ಅದರ ಆಚೆ, ನಮ್ಮ ತಲೆಗಿಂತ ಎತ್ತರದಲ್ಲಿ, ನೀರು. ಚಿಕ್ಕಂದಿನಲ್ಲಿ ರಜೆಗೆ ಬಂದಾಗಲೆಲ್ಲ ಆ ಓಣಿಯಲ್ಲಿ ಆಡಿದ್ದೇನೆ. ನೀರು ನಮಗಿಂತ ಮೇಲಿದೆ ಎಂಬುದು ಒಮ್ಮೆಯೂ ತಲೆಗೆ ಹೊಳೆದಿರಲಿಲ್ಲ.

ಅತ್ತೆಗೆ ಮಾತ್ರ ಕಿವಿಯ ವಿಷಯ ಹೇಳಬೇಕಾಯಿತು. ಪುಂಡಿ ಪಲ್ಲೆಯ ಮೊದಲ ತುತ್ತಿಗೇ ನಾನು ಉಪ್ಪು ಜಾಸ್ತಿ ಎಂದಾಗ ಅವರಿಗೆ ಸಿಟ್ಟು ಬಂದಿತ್ತು.

“ಕಿವಿಗೂ ಉಪ್ಪಿಗೂ ಏನ್ ಸಂಬಂಧ ಐತ್ಯವ್ವಾ? ಯಾವ ಡಾಕ್ಟರ್ ಹೇಳ್ಯಾನ?” ಎಂದರು. ಆಮೇಲೆ ನನ್ನ ಮುಖ ನೋಡಿ ಮೆತ್ತಗಾದರು. “ಖರೇನ ಕೇಳಂಗಿಲ್ಲೇನು?”

“ಕೇಳ್ತೈತಿ ಅತ್ತಿ. ಇಲ್ಲದ್ದೂ ಕೇಳ್ತೈತಿ.”

ಅವತ್ತಿನಿಂದ ನನ್ನ ಪಲ್ಲೆಯನ್ನು ಬೇರೆ ಬೋಗುಣಿಯಲ್ಲಿ ತೆಗೆದಿಟ್ಟರು.

ಆ ಸಲ ಮಳೆ ಬಿಡದೆ ಹಿಡಿದಿತ್ತು. ಕೆರೆ ತುಂಬಿ, ಹೆಚ್ಚಾದ ನೀರು ಹರಿದುಹೋಗುವ ಕೋಡಿಯ ಮೇಲೆ ನೀರು ಬಿದ್ದಿತ್ತು. ಎಷ್ಟೋ ವರ್ಷದ ಮೇಲೆ ಕೋಡಿ ಬಿದ್ದದ್ದೆಂದು ಹೆಂಗಸರು ಅರಿಶಿನ ಕುಂಕುಮ ಹಾಕಿ ಕಾಯಿ ಒಡೆದು ಬಂದಿದ್ದರು. ಇನ್ನಷ್ಟು ನೀರು ನಿಲ್ಲಲಿ ಎಂದು ಊರವರು ಕೋಡಿಯ ಮೇಲೆ ಮೊಣಕಾಲೆತ್ತರ ಕಲ್ಲು ಪೇರಿಸಿದ್ದರು.

ನಾನು ದಿನಾ ಬೆಳಿಗ್ಗೆ ಆರಕ್ಕೆ ಏರಿ ಹತ್ತಿ, ತೂಬಿನ ಕಟ್ಟೆಯ ಮೇಲೆ ಪ್ಲಾಸ್ಟಿಕ್ ಚೀಲ ಹಾಸಿ ಕೂರುತ್ತಿದ್ದೆ. ಮೊಬೈಲಿನಲ್ಲಿ ಸದ್ದು ಹಿಡಿಯುವುದು, ಪುಸ್ತಕದಲ್ಲಿ ಸ್ವರ ಬರೆಯುವುದು. ಮೂರು ದಿನದಲ್ಲಿ ನಾಲ್ಕು ಪುಟ ತುಂಬಿದವು. ವಯಲಿನ್ನುಗಳಿಗೆ ಅಲೆ, ಚೆಲ್ಲೊಗಳಿಗೆ ಗಾಳಿ, ನಡುನಡುವೆ ನೀರುಕೋಳಿಯ ಕೂಗಿಗೆ ತಂತಿ ಮೀಟುವುದು. ಮೂರನೆಯ ದಿನ ಕೂತು ಓದಿಕೊಂಡಾಗ ನಾಚಿಕೆಯಾಯಿತು. ಕ್ಯಾಲೆಂಡರಿನ ಮೇಲೆ ಅಚ್ಚು ಹಾಕುವ ಕೆರೆ ಅದು. ಯಾವ ಊರಿನದೂ ಆಗಬಹುದಿತ್ತು.

ನಾಲ್ಕನೆಯ ದಿನ ತೂಬಿನ ಬಳಿ ಕೂರದೆ, ಏರಿಯ ಹೊರಮೈಯಲ್ಲಿ ಅರ್ಧ ಇಳಿದು ಕೂತೆ. ಅಲ್ಲಿ ಹಳೆಯ ಜಾಲಿಮರದ ಬೊಡ್ಡೆಯೊಂದಿತ್ತು. ಮರವನ್ನು ಕಡಿದು ಯಾವ ಕಾಲವಾಗಿತ್ತೋ. ಗಾಳಿ ಇರಲಿಲ್ಲ. ಓಣಿಯಲ್ಲಿ ಯಾರೂ ಎದ್ದಿರಲಿಲ್ಲ. ಆಗ ಆ ಸದ್ದು ಕೇಳಿತು. ತೀರ ತಗ್ಗಿನದು, ಡಬಲ್ ಬಾಸ್‌ನ ಕೊನೆಯ ತಂತಿಯ ಮೇಲೆ ಕಮಾನನ್ನು ತಾಗಿಸಿಯೂ ತಾಗಿಸದಂತೆ ಎಳೆದ ಹಾಗೆ. ನಡುನಡುವೆ ಸಣ್ಣದಾಗಿ ತಡವರಿಸುತ್ತಿತ್ತು.

ಕಿವಿಯದೇ ಎಂದುಕೊಂಡೆ. ಎಡಗಿವಿಯನ್ನು ಅಂಗೈಯಿಂದ ಮುಚ್ಚಿದೆ. ಸದ್ದು ಹೆಚ್ಚಾಯಿತು. ಎಂದರೆ ಒಳಗಿನದು. ಬಲಗಿವಿಯನ್ನು ಮುಚ್ಚಿದೆ. ಕಡಿಮೆಯಾಯಿತು, ಆದರೆ ಹೋಗಲಿಲ್ಲ. ಎದ್ದು ಹತ್ತು ಹೆಜ್ಜೆ ಆಚೆ ಹೋದೆ. ಸದ್ದು ಇಳಿಯಿತು. ಎಂದರೆ ಹೊರಗಿನದು. ತಿರುಗಿ ಬಂದೆ, ಮತ್ತೆ ಹತ್ತು ಹೆಜ್ಜೆ ಹೋದೆ. ಈ ಸಲ ಎಳ್ಳಷ್ಟೂ ಇಳಿಯಲಿಲ್ಲ. ಆ ಒದ್ದೆ ಹುಲ್ಲಿನ ಮೇಲೆ ಹುಚ್ಚಿಯ ಹಾಗೆ ಹೋಗಿ ಬಂದು ಮಾಡುತ್ತ ಅರ್ಧ ಗಂಟೆ ಕಳೆದೆ.

ತೂಬು ತೆಗೆದು ಮುಚ್ಚುವ ನೀರಗಂಟಿಯನ್ನು ಆ ಕಡೆ ನೀರಡಿ ಎನ್ನುತ್ತಾರೆ. ಅತ್ತೆಯ ಊರಿನ ನೀರಡಿಗೆ ಐವತ್ತೈದರ ಮೇಲೆ ವಯಸ್ಸು. ಅವರ ತಂದೆ, ಅಜ್ಜ ಕೂಡ ಅದೇ ಕೆಲಸದವರು. ಅವರು ಹೆಗಲ ಮೇಲೆ ಸಲಿಕೆ ಇಟ್ಟುಕೊಂಡು ಬರುತ್ತಿದ್ದರು. ತಡೆದು ಹೇಳಿದೆ.

“ಅಣ್ಣಾರ, ಇಲ್ಲಿ ಒಳಗ ಏನೋ ಸದ್ದು ಬರಾಕ ಹತ್ತೈತಿ.”

ಅವರು ನಿಂತು, ತಲೆ ಓರೆ ಮಾಡಿ ಕೇಳಿದರು. “ತುಂಬಿದ ಕೆರಿ ಮಾತಾಡ್ತೈತ್ರಿ ಅಕ್ಕೋರ. ಕೋಡಿ ಬಿದ್ದೈತಲ್ಲ, ಅದರ ಸದ್ದು. ಭಯಂ ಲೇದು, ಫಿಕರ್ ಮಾಡಬ್ಯಾಡ್ರಿ,” ಎಂದು ನಕ್ಕು ಹೋದರು. ಆ ನಗೆಯಲ್ಲಿ ಕುಹಕವಿರಲಿಲ್ಲ. ಆ ಕೆರೆಯ ಬಗ್ಗೆ ನಾನು ಅವರಿಗೆ ಹೇಳುವುದೇನಿತ್ತು?

ಮನೆಗೆ ಬಂದು ಮೊಬೈಲಿನಲ್ಲಿ ಹಿಡಿದದ್ದನ್ನು ಬಲಗಿವಿಗೆ ಹಚ್ಚಿಕೊಂಡು ಕೇಳಿದೆ. ಹಕ್ಕಿ ಇತ್ತು, ನನ್ನ ಉಸಿರು ಇತ್ತು, ಆ ಸದ್ದು ಇರಲಿಲ್ಲ. ಅಷ್ಟು ತಗ್ಗಿನದು ಮೊಬೈಲಿಗೆ ಸಿಗುವುದಿಲ್ಲ ಎಂದು ನನಗೆ ಗೊತ್ತು. ಗೊತ್ತಿದ್ದರೂ ಮತ್ತೆ ಎರಡು ಸಲ ಹಚ್ಚಿ ಕೇಳಿದೆ.

ಅತ್ತೆಗೆ ಹೇಳಿದೆ. “ನಿನ್ನ ಕಿವಿ ಗುಂಯ್ ಅಂತೈತಿ ಅಂತ ನೀನ ಹೇಳಿದ್ಯಲ್ಲ. ಅದ ಇರಬೇಕವ್ವಾ. ಜರಾ ಮಲಕ್ಕೋ,” ಎಂದರು.

ಆಮೇಲಿನ ಎರಡು ದಿನ ಮಳೆ ಹೊಡೆಯಿತು. ನಾನು ಏರಿಯ ಕಡೆ ಹೋಗಲಿಲ್ಲ. ಒಳಮನೆಯಲ್ಲಿ ಜೋಳದ ಚೀಲಗಳ ನಡುವೆ ಕೂತು ಬರೆಯಲು ನೋಡಿದೆ, ಒಂದು ಗೆರೆಯೂ ಬರಲಿಲ್ಲ. ಇಲ್ಲೊಂದು ಮಾತು ಹೇಳಲೇಬೇಕು, ಹೇಳಲು ನಾಚಿಕೆಯಾದರೂ. ಆ ಸದ್ದು ಸುಳ್ಳಾದರೆ ನನ್ನ ಕಿವಿ ಹೋಯಿತು ಎಂದು ಅರ್ಥ. ನಿಜವಾದರೆ ಏರಿಯೊಳಗೆ ನೀರು ದಾರಿ ಮಾಡುತ್ತಿದೆ ಎಂದು ಅರ್ಥ. ಕೆಳಗೆ ನಲವತ್ತು ಮನೆ. ಎರಡರಲ್ಲಿ ಯಾವುದಾಗಲಿ ಎಂದು ನನ್ನ ಮನಸ್ಸು ಬೇಡಿಕೊಳ್ಳುತ್ತಿತ್ತು? ಏರಿಯದೇ ಆಗಲಿ ಎಂದು. ಅತ್ತೆ ಹಾಲು ಕಾಯಿಸುತ್ತ, ಸೊಸೆಯನ್ನು ಬೈಯುತ್ತ ಓಡಾಡುತ್ತಿದ್ದ ಮನೆಯಲ್ಲೇ ಕೂತು ನಾನು ಹಾಗೆ ಬೇಡಿಕೊಂಡೆ. ಇದು ತಿಳಿದ ಗಳಿಗೆಯಿಂದ ನನಗೆ ಕೆರೆಗಿಂತ, ಕಿವಿಗಿಂತ ನನ್ನ ಬಗ್ಗೆಯೇ ಹೆಚ್ಚು ಹೆದರಿಕೆಯಾಯಿತು.

ಏಳನೆಯ ದಿನ ಬೆಳಿಗ್ಗೆ ಮಳೆ ನಿಂತಿತು. ಹೈದರಾಬಾದಿನ ನಮ್ಮ ಬೀದಿಯಲ್ಲಿ ನೀರಿನ ಪೈಪು ಒಡೆದಾಗ ಕೆಲಸದವರು ಕಬ್ಬಿಣದ ಸಲಾಕೆಯ ಒಂದು ತುದಿ ರಸ್ತೆಗೆ ಊರಿ, ಇನ್ನೊಂದು ತುದಿಗೆ ಕಿವಿ ಹಚ್ಚಿ ಎಲ್ಲಿ ಒಡೆದಿದೆ ಎಂದು ಹುಡುಕುವುದನ್ನು ನೋಡಿದ್ದೆ. ಅದು ನೆನಪಾಯಿತು. ನನ್ನ ಕಿವಿಯನ್ನು ನಂಬುವಂತಿಲ್ಲ, ಸರಿ. ಅತ್ತೆಯ ಕಿವಿಗೆ ಏನಾಗಿದೆ? ಹಿತ್ತಲಲ್ಲಿ ಎಮ್ಮೆಯ ಹಾಲು ಹಿಂಡುತ್ತ ಕೂತಿದ್ದರೂ ಬಾಗಿಲಲ್ಲಿ ಬೆಕ್ಕು ಬಂದದ್ದು ಅವರಿಗೆ ಕೇಳುತ್ತದೆ.

“ಅತ್ತಿ, ಹಾರಿ ತಗೊಂಡು ನನ್ನ ಸಂಗಾಟ ಏರಿ ಮ್ಯಾಲ ಬಾ.”

“ಹಾಲು ಹಿಂಡಾಕ ಹೊತ್ತಾತು.”

“ಹಾಲು ಆಮ್ಯಾಲ. ಬಾ ನೀನು.”

ನನ್ನ ದನಿ ಕೇಳಿ ಅವರು ಚೊಂಬು ಕೆಳಗಿಟ್ಟರು. ಜಾಲಿ ಬೊಡ್ಡೆಯ ಪಕ್ಕ ಹಾರೆಯನ್ನು ಒಂದು ಗೇಣು ಒಳಗೆ ಊರಿದೆ. ನಾನು ಏನೂ ಹೇಳಿಕೊಡಲಿಲ್ಲ. ಸುಮ್ಮನೆ ಕಿವಿ ಹಚ್ಚು ಎಂದೆ. ಅತ್ತೆ ಸೆರಗನ್ನು ಹಿಂದಕ್ಕೆ ಸರಿಸಿ, ಹಾರೆಯ ತುದಿಗೆ ಕಿವಿ ಇಟ್ಟು, ಕಣ್ಣು ಮುಚ್ಚಿದರು. ಬಹಳ ಹೊತ್ತಿನ ಮೇಲೆ ಕಣ್ಣು ತೆರೆದರು.

“ಯಾರೋ ಒಳಗ ಕುಂತು ಹಾಸಿಗಿ ಎಳದಂಗ ಕೇಳ್ತೈತೆವ್ವಾ,” ಎಂದರು ಪಿಸುಮಾತಿನಲ್ಲಿ. “ಎಳದು ಎಳದು ಬಿಟ್ಟಂಗ.”

ಎದೆಯೊಳಗೆ ಒಂದು ಕ್ಷಣ ಸಂತೋಷ ಏರಿತು. ಕಿವಿ ಸುಳ್ಳು ಹೇಳಿರಲಿಲ್ಲ. ಅದರ ಬೆನ್ನಿಗೇ ಬಂದ ಹೆದರಿಕೆಯನ್ನು ಹೇಗೆ ಹೇಳಲಿ? ನಾವಿಬ್ಬರೂ ಆ ಏರಿಯ ಮೇಲೇ ನಿಂತಿದ್ದೆವು. ಕೆಳಗೆ ಅತ್ತೆಯ ಸೊಸೆ ಅಂಗಳ ಗುಡಿಸುತ್ತಿದ್ದಳು.

ನೀರಡಿಯನ್ನು ಕರೆತಂದೆವು. ಅವರು ಹಾರೆಗೆ ಕಿವಿ ಇಟ್ಟು ಕೇಳಿ, ಏರಿಯ ಬುಡಕ್ಕೆ ಇಳಿದರು. ಹುಲ್ಲನ್ನು ಕೈಯಿಂದ ಸರಿಸುತ್ತ ಹೋದರು. ಒಂದು ಕಡೆ ನೀರು ಊಟೆಯ ಹಾಗೆ ಬುಗ್ಗೆ ಏಳುತ್ತಿತ್ತು. ಬೊಗಸೆಯಲ್ಲಿ ಹಿಡಿದು ಬೆಳಕಿಗೆ ನೋಡಿದರು.

“ತಿಳಿ ಐತಿ. ತಿಳಿ ನೀರು ಬಂದ್ರ ಅಂಜಿಕಿಲ್ರಿ, ರಾಡಿ ಬಂದ್ರ ಮಣ್ಣು ಒಳಗಿಂದ ಹೊಂಟೈತಿ ಅಂತ ಲೆಕ್ಕ,” ಎಂದರು. ಬೊಗಸೆಯನ್ನು ಚೆಲ್ಲಿ ಮತ್ತೊಮ್ಮೆ ಹಿಡಿದರು. ಅವರ ಬೆರಳ ಸಂದಿಯಲ್ಲಿ ತೆಳುವಾದ ಕೆಂಪು ಗೆರೆ ಇತ್ತು. ಜಾಲಿಯ ಬೇರು ಕೊಳೆತು ಒಳಗೆ ಟೊಳ್ಳಾಗಿ, ಆ ದಾರಿಯಲ್ಲಿ ನೀರು ಬರುತ್ತಿತ್ತು.

ನಾರಾಯಣಪೇಟೆಯ ನೀರಾವರಿ ದಫ್ತರಕ್ಕೆ ಫೋನು ಹೋಯಿತು. ಇಂಜಿನಿಯರರು ಉಟ್ಕೂರ್ ಕಡೆ ಇನ್ನೊಂದು ಕೆರೆಯ ಮೇಲೆ ಇದ್ದರು. ಬರಲು ಸಂಜೆಯಾಗುತ್ತದೆ ಎಂದರು. ಫೋನಿನಲ್ಲೇ ಹೇಳಿಕೊಟ್ಟರು: ಬುಗ್ಗೆಯ ಬಾಯಿ ಮುಚ್ಚಬೇಡಿ. ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ಕಲ್ಲು. ನೀರು ಹೋಗಲಿ, ಮಣ್ಣು ಹೋಗಬಾರದು. ಕೋಡಿಯ ಮೇಲಿನ ಕಲ್ಲು ಕಿತ್ತು ನೀರು ಇಳಿಸಿ. ಕೆಳಗಿನ ಮನೆ ಖಾಲಿ ಮಾಡಿಸಿ.

ಅರ್ಧ ಗಂಟೆಯೊಳಗೆ ಓಣಿಯೆಲ್ಲ ಬೀದಿಗೆ ಬಂತು. ಮುದುಕರನ್ನೂ ಮಕ್ಕಳನ್ನೂ ದಿಬ್ಬದ ಮೇಲಿನ ಶಾಲೆಗೆ ಕಳಿಸಿದರು. ಅತ್ತೆ ಎಮ್ಮೆಗಳನ್ನು ಬಿಚ್ಚಿ ಸೊಸೆಯ ಕೈಗೆ ಕೊಟ್ಟು, ತಾವು ಮಾತ್ರ ಹೋಗಲಿಲ್ಲ. ಕೋಡಿಯ ಕೆಳಗೆ ಭತ್ತ ಹಚ್ಚಿದ್ದ ಹೆಂಗಸೊಬ್ಬಳು, ಕಲ್ಲು ಕಿತ್ತರೆ ತನ್ನ ಗದ್ದೆ ಮುಳುಗುತ್ತದೆ ಎಂದು ಅಳುತ್ತಲೇ ಬಂದು, ಅಳುತ್ತಲೇ ಕಲ್ಲು ಕಿತ್ತಳು. ಗೊಬ್ಬರದ ಚೀಲದಲ್ಲಿ ಮರಳು ತುಂಬಿ ಜನ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದರು. ನಾನೂ ಚೀಲ ಎತ್ತಲು ಹೋದೆ. ನೀರಡಿ ತಡೆದರು.

“ನೀವು ಅದನ್ನ ಹಿಡೀಬ್ಯಾಡ್ರಿ. ಹಾರಿ ಹಿಡೀರಿ. ಕೆಳಗ ಮಂದಿ ಕೆಲಸ ಮಾಡ್ತಾರ, ಸದ್ದು ಬದಲಾತು ಅಂದ್ರ ಜಲ್ದಿ ಒದರ್ರಿ. ನಾವು ಮ್ಯಾಲ ಓಡಿ ಬರ್ತೀವಿ.”

“ಅಣ್ಣಾರ, ನನ್ನ ಕಿವಿ ಸರಿ ಇಲ್ಲ,” ಎಂದೆ. ನನ್ನ ವೃಂದದವರಿಗೆ ಎಂಟು ತಿಂಗಳಿಂದ ಹೇಳದ ಮಾತು ಅವರಿಗೆ ಸಲೀಸಾಗಿ ಬಂತು.

“ಮೊದಲು ಕೇಳಿದ್ದು ನಿಮಗ ಅಲ್ಲೇನು,” ಎಂದು ಅವರು ಇಳಿದು ಹೋದರು.

ಹನ್ನೊಂದು ಗಂಟೆಯಿಂದ ನಾನು ಬೊಡ್ಡೆಯ ಪಕ್ಕ ಮಂಡಿಯೂರಿ, ಹಾರೆಗೆ ಬಲಗಿವಿ ಹಚ್ಚಿ ಕೂತೆ. ತಲೆ ಎತ್ತಿದಾಗಲೆಲ್ಲ ಕೆಳಗಿನವರು ನನ್ನ ಮುಖ ನೋಡುತ್ತಿದ್ದರು. “ಹಂಗ ಐತಿ,” ಎನ್ನುತ್ತಿದ್ದೆ. ಅವರು ಮತ್ತೆ ಬಗ್ಗುತ್ತಿದ್ದರು. ಇಷ್ಟು ವರ್ಷ ಎಷ್ಟು ಸ್ವರ ಕೇಳಿದ್ದೇನೋ, ಒಂದು ಸ್ವರಕ್ಕೆ ಇಷ್ಟು ಅಂಜಿ ಕೂತವಳಲ್ಲ. ಹೊಸದಾಗಿ ಏನು ಕೇಳಿದರೂ ಹಾರೆಯನ್ನು ಬಿಗಿಯಾಗಿ ಹಿಡಿಯುತ್ತಿದ್ದೆ. ಚೀಲ ಬಿದ್ದ ಸದ್ದು, ಯಾರದೋ ಕೆಮ್ಮು, ನನ್ನದೇ ರಕ್ತ ಬಡಿಯುವುದು.

ಮಧ್ಯಾಹ್ನ ಒಂದರ ಸುಮಾರಿಗೆ ಸದ್ದು ಒಮ್ಮೆಗೇ ಏರಿತು. “ಮ್ಯಾಲ ಬರ್ರೀ!” ಎಂದು ಚೀರಿದೆ. ಹದಿನೈದು ಇಪ್ಪತ್ತು ಜನ ಚೀಲ ಬಿಸಾಡಿ ಓಡಿ ಮೇಲೆ ಬಂದರು. ಒಬ್ಬರು ಜಾರಿ ಬಿದ್ದು ಮೊಣಕೈ ತರಚಿಕೊಂಡರು. ಎಲ್ಲರೂ ನಿಂತು ಕಾದೆವು. ಏನೂ ಆಗಲಿಲ್ಲ. ನಾನು ಹಾರೆಯಿಂದ ದೂರ ಸರಿದೆ. ಏರಿದ ಸದ್ದು ನನ್ನ ಜೊತೆಗೇ ಬಂತು. ಅದು ಎಡಗಿವಿಯದು.

ಯಾರೂ ಬೈಯಲಿಲ್ಲ. ಯಾರೋ ನಕ್ಕರು, ಯಾರೋ ಬೆವರು ಒರೆಸಿಕೊಂಡು, “ಹೋಗ್ಲಿ ಬಿಡ್ರಿ, ದಮ್ ತಗೊಂಡಂಗಾತು,” ಎಂದರು. ತಿರುಗಿ ಇಳಿದರು. ಆದರೆ ಆಮೇಲೆ ನಾನು ಕೆಟ್ಟೆ. ಪ್ರತಿ ಸಲ ಸದ್ದು ಅಲುಗಿದಾಗಲೂ, ಇದು ನನ್ನದೋ ಏರಿಯದೋ ಎಂದು ಎರಡೆರಡು ಸಲ ಕೇಳಿಕೊಳ್ಳುವಂತಾಯಿತು.

ಮೂರು ಗಂಟೆಯ ಹೊತ್ತಿಗೆ ಕೆರೆಯ ನೀರು ಒಂದು ಮೊಳ ಇಳಿದಿತ್ತು. ಇನ್ನೇನು ಗೆದ್ದೆವು ಎಂದು ಜನ ಅಂದುಕೊಳ್ಳುತ್ತಿದ್ದರು. ಆಗ ಹಾರೆಯಲ್ಲಿ ಸ್ವರ ಸಣ್ಣಗೆ ಮೇಲೇರಿತು, ಅರ್ಧ ಸ್ವರದಷ್ಟು. ಆ ತಡವರಿಕೆ ನಿಂತುಹೋಯಿತು. ನೇರವಾದ ಒಂದೇ ಎಳೆ. ನಾನು ಬಾಯಿ ತೆರೆದೆ, ಕೂಗಲಿಲ್ಲ. ಮತ್ತೆ ಸುಳ್ಳಾದರೆ? ಎಡಗಿವಿ ಮುಚ್ಚಿದೆ. ತೆರೆದೆ. ಹಾರೆ ಬಿಟ್ಟು, ಮತ್ತೆ ಹಚ್ಚಿದೆ. ಕೊನೆಗೆ ಅತ್ತೆಯ ಕೈ ಎಳೆದು, “ನೀ ಕೇಳು,” ಎಂದೆ.

ಅತ್ತೆ ಕಿವಿ ಇಟ್ಟವರೇ ತಲೆ ಎತ್ತಿ, ಊರಿಗೆಲ್ಲ ಕೇಳುವಂತೆ ಕೂಗಿದರು. “ಮ್ಯಾಲಕ್ಕ ಬರ್ರೋ! ಎಲ್ಲಾ ಬಿಟ್ಟು ಬರ್ರೋ!”

ಜನ ಓಡಿದರು. ನೀರಡಿ ಕೊನೆಯವರು. ಉಳಿದವರನ್ನೆಲ್ಲ ಮುಂದೆ ಕಳಿಸಿ ಅವರು ತಿರುಗುವಾಗ ಬೊಡ್ಡೆಯ ಕೆಳಗಿನ ಮೈ ಒಂದು ಎತ್ತಿನ ಬಂಡಿಯಷ್ಟು ಕಳಚಿ ಜಾರಿತು. ಸದ್ದೇ ಆಗಲಿಲ್ಲ. ಒದ್ದೆ ಬಟ್ಟೆ ಬಿದ್ದಂತೆ ಬಿತ್ತು. ಅವರ ಒಂದು ಕಾಲು ಮೊಣಕಾಲಿನವರೆಗೆ ಮಣ್ಣಿನಲ್ಲಿ ಹೂತುಹೋಯಿತು. ಅವರು ಕೂಗಿದ್ದು ಮಾತ್ರ ನನಗೆ ಎರಡೂ ಕಿವಿಯಲ್ಲಿ ಕೇಳಿತು.

ನಾಲ್ಕು ಜನ ಇಳಿದು ಅವರನ್ನು ಎಳೆದರು. ಏರಿ ನಿಂತಿತು. ನೀರು ಅಷ್ಟು ಇಳಿದಿರದಿದ್ದರೆ ನಿಲ್ಲುತ್ತಿರಲಿಲ್ಲ ಎಂದು, ಹೊತ್ತು ಮುಳುಗುವ ಮೊದಲು ಬಂದ ಇಂಜಿನಿಯರರು ಹೇಳಿದರು. ಮಣ್ಣು ಎತ್ತುವ ಯಂತ್ರ, ಲಾರಿಯಲ್ಲಿ ಕಲ್ಲು ತರಿಸಿ ಜಾರಿದ ಜಾಗಕ್ಕೆ ಆನಿಸಿದರು. ಓಣಿಯವರು ಮೂರು ದಿನ ಶಾಲೆಯಲ್ಲೇ ಇದ್ದು, ಆಮೇಲೆ ಮನೆಗಳಿಗೆ ಮರಳಿದರು.

ನೀರಡಿಯ ಪಾದದ ಗೆಣ್ಣು ಮುರಿದಿತ್ತು. ಮರುದಿನ ನಾರಾಯಣಪೇಟೆಯ ದವಾಖಾನೆಗೆ ಹೋದೆ. ಪಟ್ಟಿ ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟು ಅವರು ಮಲಗಿದ್ದರು. ದಾರಿಯುದ್ದಕ್ಕೂ ಹೇಳುವ ಮಾತನ್ನು ಜೋಡಿಸಿಕೊಂಡಿದ್ದೆ. ಮುಂದೆ ನಿಂತಾಗ ಎಲ್ಲ ಕಲಸಿಹೋಯಿತು.

“ನನಗ ಮೊದಲ ಕೇಳಿತ್ತು ಅಣ್ಣಾರ. ನಾ ಒದರಲಿಲ್ಲ. ಮತ್ತ ಸುಳ್ಳಾದ್ರ ಮಂದಿ ನಗ್ತಾರ ಅಂತ ನಾಚಿಕಿ ಬಂತು. ಅತ್ತಿಗೆ ಕೇಳಸಾಕ ಹೋದೆ. ಅಷ್ಟರಾಗ...”

ಅವರು ದಿಂಬಿನ ಮೇಲಿನ ಕಾಲನ್ನು ತುಸು ಸರಿಸಿದರು. “ನೀವು ಎರಡು ಮಿನಿಟು ತಡ ಮಾಡೀರಿ,” ಎಂದರು. “ನಾ ಮೂರು ದಿನ ತಡ ಮಾಡೀನ್ರಿ. ಹುಟ್ಟಿದಾಗಿಂದ ನೋಡಿದ ಕೆರಿ, ಇವರೇನು ಹೇಳೋದು ಅಂತ ಹೋದೆ. ಕುಂದರ್ರಿ, ನಿಲ್ಲಬ್ಯಾಡ್ರಿ.”

ಕೂತೆ. ಅವರ ಹೆಂಡತಿ ಮಂಡಾಳ ಒಗ್ಗರಣೆ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ, ತಂದು ಮುಂದಿಟ್ಟರು. ಅದರಲ್ಲಿ ಉಪ್ಪು ಎಷ್ಟಿತ್ತೋ ಗೊತ್ತಿಲ್ಲ, ಪೂರ್ತಿ ತಿಂದೆ.

ರಜೆಯಲ್ಲಿ ಎರಡು ದಿನ ಉಳಿದಿದ್ದವು. ಅಲ್ಲಿಂದ ಗದ್ವಾಲ್‌ಗೆ ಹೋದೆ. ನನಗೆ ಚಿಕ್ಕಂದಿನಲ್ಲಿ ವಯಲಿನ್ ಕಲಿಸಿದ ಮಾಸ್ತರರು ಅಲ್ಲಿದ್ದಾರೆ. ಎಂಬತ್ತರ ಹತ್ತಿರ ವಯಸ್ಸು, ಈಗಲೂ ಮೂರ್ನಾಲ್ಕು ಮಕ್ಕಳಿಗೆ ಪಾಠ ಹೇಳುತ್ತಾರೆ. ಅವರ ಮುಂದೆ ಎಲ್ಲವನ್ನೂ ಹೇಳಿದೆ: ಕಿವಿ, ಕೆರೆ, ನಾನು ಬೇಡಿಕೊಂಡದ್ದು, ಕೂಗದೆ ಉಳಿದದ್ದು. ನಡುವೆ ಅಳು ಬಂತು. ಮಾಸ್ತರರು ಅದು ನಿಲ್ಲುವವರೆಗೆ ಕಾದು, ಮೊದಲು ಬರೆದಿದ್ದ ನಾಲ್ಕು ಪುಟಗಳನ್ನು ತಿರುವಿ ನೋಡಿದರು.

“ಇದರಾಗ ನೀನು ಹೇಳಿದ್ದು ಏನೂ ಇಲ್ಲಲ್ಲವ್ವಾ,” ಎಂದರು. “ಹಕ್ಕಿ ಅದಾವ. ಹಕ್ಕಿಗೆ ಏನಾಗಿತ್ತು?”

“ಅದನ್ನ ಬರಿಯಾಕ ಅಂಜಿಕಿ ಆಗ್ತೈತ್ರಿ ಸಾರ್.”

“ಅಂಜಿಕೊಂಡ ಬರಿ. ಯಾರು ಬ್ಯಾಡ ಅಂದಾರ?”

ಅವರ ಪಡಸಾಲೆಯಲ್ಲಿ, ಮಕ್ಕಳು ಸರಳೆ ವರಸೆ ತಿದ್ದುವ ಗದ್ದಲದಲ್ಲೇ ಹೊಸದಾಗಿ ಶುರು ಮಾಡಿದೆ. ಡಬಲ್ ಬಾಸ್ ಒಂದೇ, ತೀರ ತಗ್ಗಿನ ಸ್ವರ ಹಿಡಿದು ನಿಲ್ಲುತ್ತದೆ. ಶುರುವಾದದ್ದು ಯಾವಾಗ ಎಂದು ಕೇಳುವವರಿಗೆ ತಿಳಿಯಬಾರದು. ಚೆಲ್ಲೊಗಳು ಒಂದೊಂದಾಗಿ ಅದರೊಳಗೆ ಸೇರುತ್ತವೆ. ವಯಲಿನ್ನುಗಳು ನಾಲ್ಕು ನಿಮಿಷ ಕಮಾನು ಎತ್ತುವುದಿಲ್ಲ. ವಿಯೋಲಾ ಒಂದು ಮಾತ್ರ ನಡುವೆ ಎದ್ದು ಒಂದು ಸ್ವರ ಹೇಳಿ, ಉಳಿದವು ಒಪ್ಪದೆ ಇದ್ದಾಗ ತಗ್ಗುತ್ತದೆ. ಆಮೇಲೆ ಎಲ್ಲ ಹದಿನೆಂಟು ವಾದ್ಯಗಳೂ ಒಟ್ಟಿಗೆ ಏಳುವ ಒಂದು ಜಾಗ, ಅದು ನನ್ನ ಸುಳ್ಳು ಕೂಗು. ಕೊನೆಗೆ ಸ್ವರ ಅರ್ಧ ಮೇಲೇರಿ ಎಳೆ ನೇರವಾದ ಮೇಲೆ, ಯಾರೂ ನುಡಿಸದ ಎರಡು ಆವರ್ತ. ಆ ಖಾಲಿ ಎರಡು ಆವರ್ತವನ್ನು ಬರೆಯಲು ನನಗೆ ಒಂದು ವಾರ ಹಿಡಿಯಿತು, ಹೈದರಾಬಾದಿಗೆ ಬಂದ ಮೇಲೂ. ಉಳಿದದ್ದೆಲ್ಲ ಬೇಗ ಬಂತು.

ಮೊದಲ ಅಭ್ಯಾಸಕ್ಕೆ ಮುಂಚೆ ನಮ್ಮ ವೃಂದ ನಡೆಸುವವರ ಮನೆಗೆ ಹೋಗಿ ಡಾಕ್ಟರ ಕಾಗದವನ್ನು ಮೇಜಿನ ಮೇಲಿಟ್ಟೆ. ಅವರು ಓದಿ, ಕನ್ನಡಕ ತೆಗೆದು, “ಎಂಟು ತಿಂಗಳು ನನ್ನ ಮುಂದೆ ಕೂತು ಪಕ್ಕದವರ ಕಮಾನು ನೋಡಿಕೊಂಡು ನುಡಿಸಿದೆಯಾ?” ಎಂದು ಕೇಳಿದರು. ಹೌದು ಎಂದೆ. “ನಾನು ಗಮನಿಸಲೇ ಇಲ್ಲ. ಅದು ನನ್ನ ತಪ್ಪು,” ಎಂದು ಕಾಗದವನ್ನು ಮಡಚಿ ನನ್ನ ಕೈಗೆ ಕೊಟ್ಟರು. ಮರುದಿನ ನನ್ನ ಕುರ್ಚಿಯನ್ನು ಇನ್ನೊಂದು ಪಕ್ಕಕ್ಕೆ ಹಾಕಿಸಿದರು, ಬಲಗಿವಿ ಬಾಸ್ ಕಡೆಗಿರುವಂತೆ.

ಕಾರ್ತಿಕದಲ್ಲಿ ಕಾರ್ಯಕ್ರಮ ಆಯಿತು. ಅತ್ತೆ ಬಂದರು. ಊರುಗೋಲು ಹಿಡಿದು ನೀರಡಿಯೂ ಬಂದರು. ಇಬ್ಬರನ್ನೂ ಮೂರನೆಯ ಸಾಲಿನಲ್ಲಿ ಕೂರಿಸಿದ್ದೆ. ಯಾರೂ ನುಡಿಸದ ಆ ಎರಡು ಆವರ್ತದಲ್ಲಿ ಯಾರಾದರೂ ಕೆಮ್ಮುತ್ತಾರೆ, ಮುಗಿಯಿತೆಂದು ಚಪ್ಪಾಳೆ ತಟ್ಟುತ್ತಾರೆ ಎಂದು ಹೆದರಿದ್ದೆ. ಯಾರೂ ಅಲುಗಲಿಲ್ಲ. ಅತ್ತೆ ಮುಂದಿನ ಕುರ್ಚಿಯ ಬೆನ್ನನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದರು.

ಮುಗಿದ ಮೇಲೆ ಹೊರಗೆ ಚಹಾ ಕುಡಿಯುವಾಗ ಅತ್ತೆ, “ನನಗ ಎದ್ದು ಒದರಬೇಕು ಅನಸ್ತು ನೋಡು,” ಎಂದರು. ನೀರಡಿ ಲೋಟ ಕೆಳಗಿಟ್ಟು ಯೋಚಿಸಿದರು.

“ಬರೋಬರಿ ಐತ್ರಿ ಅಕ್ಕೋರ. ಆದ್ರ ಮೊದಲಿಂದು ಜರಾ ಜೋರಾತು. ಅಷ್ಟು ಜೋರ ಇದ್ದಿದ್ರ ನನಗೂ ಕೇಳ್ತಿತ್ತಲ್ಲ.”

ಅವರ ಮಾತು ನಿಜ. ಮನೆಗೆ ಬಂದು ಮೊದಲ ಪುಟದಲ್ಲಿ ಬಾಸ್‌ಗೆ ಬರೆದಿದ್ದ ‘ಮೆಲ್ಲಗೆ’ ಎಂಬುದನ್ನು ಹೊಡೆದುಹಾಕಿ, ‘ಇದೆಯೋ ಇಲ್ಲವೋ ಎಂಬಂತೆ’ ಎಂದು ತಿದ್ದಿದೆ. ಬೇಸಿಗೆಯಲ್ಲಿ ಆ ಬೊಡ್ಡೆಯನ್ನು ಬೇರುಸಹಿತ ಅಗೆದು ತೆಗೆದು, ಎರೆಮಣ್ಣು ತುಂಬಿ ಏರಿಯನ್ನು ಗಟ್ಟಿ ಮಾಡಿದರು. ನನ್ನ ಕಿವಿ ಇನ್ನೂ ಸ್ವಲ್ಪ ಇಳಿದಿದೆ ಎಂದು ಡಾಕ್ಟರು ಹೇಳುತ್ತಾರೆ. ಮಳೆ ಹಿಡಿದ ದಿನ ಅತ್ತೆಗೆ ಫೋನು ಮಾಡುತ್ತೇನೆ. ಅವರು ಎತ್ತುವವರೆಗೆ ಕೂತಲ್ಲಿ ಕೂರಲಾಗುವುದಿಲ್ಲ.